ಮಾವನ ಲಕ್ಕಿ, ಅಪ್ಪನ ದಂಡೆ

ನನ್ನ ಸೋದರಮಾವನಿಗೆ ಹುಚ್ಚು ಹಿಡಿದಿತ್ತು ಎಂದು ಯಾರಾದರೂ ಅಂದರೆ ನಾನು ಇವತ್ತಿಗೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತೇನೆ. ಹುಚ್ಚೆಂದರೆ ಅಮಾವಾಸ್ಯೆಗೆ ಏರುತ್ತದೆ, ನಡುವೆ ಇಳಿಯುತ್ತದೆ, ಮನೆಯವರಿಗೆ ನಾಲ್ಕು ದಿನ ಉಸಿರಾಡಲು ಬಿಡುತ್ತದೆ. ಮಾವನದು ಹಾಗಲ್ಲ. ಅದಕ್ಕೆ ಸೂಟಿ ಎಂಬುದೇ ಇರಲಿಲ್ಲ! ಶ್ರಾವಣ ಸೋಮವಾರವೂ ಇಲ್ಲ, ದೀಪಾವಳಿ ಪಾಡ್ಯವೂ ಇಲ್ಲ. ಹೊತ್ತು ಹುಟ್ಟಿದರೆ ಹಳ್ಳದ ದಂಡೆ, ಹೊತ್ತು ಮುಳುಗುವವರೆಗೆ ಲಕ್ಕಿ ಗಿಡ. ಅವನ ಹೆಸರು ಮಾತ್ರ ಕೇಳಬೇಡಿ. ಆ ಹೆಸರಿನವರು ನಮ್ಮ ಕಡೆ ಓಣಿಗೆ ನಾಲ್ವರಿದ್ದಾರೆ, ಎಲ್ಲರೂ ನನ್ನ ಮೇಲೆ ಏರಿ ಬಂದಾರು.

ಲಕ್ಕಿ ಗಿಡ ನಿಮಗೆ ಗೊತ್ತಿರಬೇಕು. ಹಳ್ಳಕೊಳ್ಳದ ಪಕ್ಕ ಆಳೆತ್ತರ ಬೆಳೆಯುವ ಪೊದೆ. ಸಣ್ಣ ಎಲೆ, ಎಲೆಯ ಕೆಳಗೆ ಬೂದಿ ಬಣ್ಣ, ತಿಕ್ಕಿದರೆ ಮೂಗಿಗೆ ಬಡಿಯುವ ವಾಸನೆ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಮಾಡಿದ ಪುಣ್ಯಾತ್ಮರು ಲಕ್ಕಿಯನ್ನು ನೋಡಿಯೇ ಇರಲಿಲ್ಲ. ಆಡು ಅದನ್ನು ಮೂಸಿ, ಮುಖ ತಿರುಗಿಸಿ ಹೋಗುತ್ತದೆ. ಆಡು ಬಿಟ್ಟಿದ್ದನ್ನು ಮಾವ ಹಿಡಿದ ಎಂದು ಊರೆಲ್ಲ ನಗುತ್ತಿತ್ತು.

ನಮ್ಮೂರು ಚಪಳಗಾಂವದಿಂದ ಗಾಡಿಯ ಹಾದಿಯಲ್ಲಿ ಒಳಗೆ, ಆಗ ಅಕ್ಕಲಕೋಟ ಸಂಸ್ಥಾನಕ್ಕೆ ಸೇರಿದ ಸಣ್ಣ ಹಳ್ಳಿ. ಊರ ಕೆಳಗೆ ಒಂದು ಹಳ್ಳ. ಬೇಸಿಗೆಯಲ್ಲಿ ಬರೀ ಉಸುಕು, ಮಳೆಗಾಲದಲ್ಲಿ ಸಾಕ್ಷಾತ್ ಯಮ. ಹಳ್ಳದ ಆಚೆ ದಂಡೆ ಮಾವನ ಹೊಲ, ಹೊಲದಲ್ಲೇ ಮನೆ; ಈಚೆ ದಂಡೆ ಅಪ್ಪನ ಹೊಲ. ಅವ್ವನಿಗೆ ತವರೂ ಗಂಡನ ಮನೆಯೂ ಒಂದೇ ಊರು. ನಮ್ಮ ರೂಢಿಯಂತೆ ಅವ್ವ ತನ್ನ ಹಿರಿಯ ಮಗಳನ್ನು, ಎಂದರೆ ನನ್ನ ಅಕ್ಕನನ್ನು, ತನ್ನ ತಮ್ಮನಿಗೇ ಕೊಟ್ಟಳು. ಹೀಗಾಗಿ ಅಪ್ಪ ಅವನಿಗೆ ಮೊದಲು ಅಕ್ಕನ ಗಂಡ, ಆಮೇಲೆ ಹೆಣ್ಣು ಕೊಟ್ಟ ಮಾವ. ಪ್ರೀತಿ ಉಕ್ಕಿದಾಗ 'ಭಾವಾರ' ಎನ್ನುತ್ತಿದ್ದ, ಜಗಳ ಬಂದಾಗ 'ಮಾವಾರ' ಎನ್ನುತ್ತಿದ್ದ. ಅಂಗಳದಿಂದ ಅವನ ದನಿ ಕೇಳಿದರೆ ಸಾಕು, ಇವತ್ತು ಚಹಾ ಇಡಬೇಕೋ ಬಾಗಿಲು ಹಾಕಬೇಕೋ ಎಂದು ಅವ್ವನಿಗೆ ಒಳಗಿನಿಂದಲೇ ತಿಳಿಯುತ್ತಿತ್ತು.

ಅಕ್ಕ ಚೊಚ್ಚಲ ಹೆರಿಗೆಯಲ್ಲಿ ಹೋದಳು. ಮಗು ಮೂರನೆಯ ದಿನ, ಅಕ್ಕ ಒಂಬತ್ತನೆಯ ದಿನ. ಜ್ವರ ಬಂತು, ಇಳಿಯಲಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ನಾನು ನಗಿಸಲೂ ಹೋಗುವುದಿಲ್ಲ.

ಆದರೆ ಆಮೇಲೆ ಹಿರಿಯರು ಮಾಡಿದ ಕೆಲಸ ನೋಡಿ. ಮಾವನ ಮನೆತನದವರಿಗೆಲ್ಲ ಅವನ ಹೊಲದ ಮೇಲಿನ ದಿಬ್ಬದಲ್ಲಿ ಸಾಲಾಗಿ ಸಮಾಧಿಗಳಿವೆ. ಅಜ್ಜ, ಅಜ್ಜಿ, ಯಾರೋ ಸೋದರತ್ತೆ, ಎಲ್ಲರೂ ಬೇವಿನ ನೆರಳಲ್ಲಿ ಆರಾಮ. ಅಕ್ಕನನ್ನು ಅಲ್ಲಿಗೆ ಒಯ್ಯಬೇಕೆಂದು ಹೊರಟಾಗ ಹಿರಿಯರು ಅಡ್ಡ ನಿಂತರು. "ಹಸಿಮೈ ಬಾಣಂತಿ ಐತಿ. ಹಿರ್‍ಯಾರ ಸಾಲಿನ್ಯಾಗ ಇಡಬಾರ್ದು. ನೀರಿನ ದಂಡಿಗೆ ಇಡ್ರಿ. ಇಲ್ಲಾಂದ್ರ ತಿರುಗಿ ತವರಮನಿಗೆ ಬರ್ತಾಳ" ಎಂದರು. ಬಾಣಂತಿಯ ದೆವ್ವ ನೀರು ದಾಟುವುದಿಲ್ಲವಂತೆ! ಬದುಕಿದ್ದಾಗ ದಿನಕ್ಕೆ ಎರಡು ಸಲ ಹಳ್ಳ ದಾಟಿ ತವರಿಗೆ ಬರುತ್ತಿದ್ದವಳು, ಸತ್ತ ಮೇಲೆ ದಾಟಲಾರಳಂತೆ! ಅಪ್ಪನೂ ಹೂಂ ಎಂದ. ಮಾವ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ, ಸುಮ್ಮನೆ ನಿಂತಿದ್ದ. ಹಳ್ಳ ತಿರುವು ತೆಗೆದುಕೊಳ್ಳುವಲ್ಲಿ, ಅವನ ಹೊಲದ ಕೊನೆಯಲ್ಲಿ ಅಕ್ಕನಿಗೆ ಮಣ್ಣು ಕೊಟ್ಟರು.

ಆಗ ಅಲ್ಲಿಂದ ನೀರಿಗೆ ನಲವತ್ತು ಹೆಜ್ಜೆ. ಒಂದು ಮಳೆಗಾಲ ಕಳೆಯಿತು, ಮೂವತ್ತಾಯಿತು. ಇನ್ನೊಂದು ಕಳೆಯಿತು, ಹದಿನೆಂಟು. ಕಪ್ಪು ಎರಿಮಣ್ಣು ನೆನೆದರೆ ಗೊತ್ತಲ್ಲ, ದಂಡೆ ದಂಡೆಯೇ ಧೊಪ್ಪೆಂದು ಕುಸಿದು ಬೀಳುತ್ತದೆ. ಆ ಎರಡನೆಯ ವರ್ಷ ಮಾವ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, "ಅಕ್ಕಾ, ಹಳ್ಳ ಅಕಿನ್ನ ಒಯ್ಯಾಕತ್ತೈತಿ" ಎಂದ. ಅವ್ವ ಒಲೆಯ ಮುಂದೆ ಕೂತವಳು ಹಾಗೇ ಕೂತಳು. ಅವತ್ತು ರೊಟ್ಟಿ ಸೀದುಹೋದವು.

ಆಮೇಲೆ ಶುರುವಾಯಿತು ನೋಡಿ ಲಕ್ಕಿಯ ಮಹಾಪುರಾಣ! ಮಾವ ಹಳ್ಳದ ಗುಂಟ ಎರಡು ಹರದಾರಿ ನಡೆದು, ಎಲ್ಲಿ ದಂಡೆ ಉಳಿದಿದೆ, ಎಲ್ಲಿ ಬಿದ್ದಿದೆ ಎಂದು ನೋಡಿ ಬಂದ. ಲಕ್ಕಿ ಇದ್ದಲ್ಲೆಲ್ಲ ದಂಡೆ ಉಳಿದಿತ್ತು. "ಜಾಲಿ ನೀರಿನ ಕೂಡ ಬಡದಾಡತೈತಿ, ಬೇರ ಸುದ್ದಾ ಕಿತ್ತ ಹೋಗತೈತಿ. ಲಕ್ಕಿ ಶ್ಯಾಣ್ಯಾ. ನೀರ ಬಂದಾಗ ಮಕ್ಕೋತೈತಿ, ಹೋದ ಮ್ಯಾಲ ಏಳತೈತಿ. ಮಕ್ಕೊಂಡಾಗ ದಂಡಿ ಮ್ಯಾಲ ಚಾಪಿ ಹಾಸಿಧಾಂಗ ಆಗತೈತಿ, ನೀರಿನ ಜೋರ ಮುರೀತೈತಿ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಸಿಕ್ಕವರು ಎರಡನೆಯ ಸಲ ಸಿಗದಂತೆ ನೋಡಿಕೊಂಡರು.

ಕಡ್ಡಿ ಕಡಿದು ನೆಟ್ಟರೆ ಲಕ್ಕಿ ಚಿಗುರುತ್ತದೆ. ಆದರೆ ಅಷ್ಟು ಕಡ್ಡಿ ಎಲ್ಲಿಂದ ತರಬೇಕು? ಮಾವ ಮದುವೆಗಳಿಗೆ ಹೋಗತೊಡಗಿದ. ಹೆಂಡತಿ ಸತ್ತ ಗಂಡಸು ಮತ್ತೆ ಮಂದಿಯಲ್ಲಿ ಬೆರೆಯುತ್ತಿದ್ದಾನೆ ಎಂದು ಅವ್ವ ಬಹಳ ಸಂತೋಷಪಟ್ಟಳು ಪಾಪ. ಅಕ್ಕಲಕೋಟದಲ್ಲಿ ಒಂದು ಮದುವೆ. ಅಕ್ಷತೆಯ ಹೊತ್ತಿಗೆ ಮಾವ ಮಾಯ! ಹೆಣ್ಣಿನ ಕಡೆಯವರು, "ನಿನ್ನಿ ಊಟ ಜಡ ಆಗಿರಬೇಕು, ಕೈಯಾಗ ತಂಬಗಿ ಒಯ್ದಾರೇನ ನೋಡ್ರಿ" ಎಂದು ಕಾಳಜಿ ಮಾಡಿದರು. ತಂಬಿಗೆ ಹಿಡಿದುಕೊಂಡೇ ಒಬ್ಬ ಹುಡುಕಲು ಹೋದ. ಹೋದರೆ ಮಾವ ಹಿತ್ತಲಿನ ಓಣಿಯಲ್ಲಿ ಹೊಸ ರುಮಾಲು ಬಿಚ್ಚಿ, ಅದರಲ್ಲಿ ಲಕ್ಕಿ ಕಡ್ಡಿ ಕಟ್ಟುತ್ತಿದ್ದ. ಮದುವೆಯ ಉಡುಗೊರೆಯ ರುಮಾಲದು! "ನೀವು ಆಯಾರ ಮಾಡಿದ್ದು ಭಾಳ ಉಪಯೋಗ ಆತ್ರಿ" ಎಂದು ಬೀಗರಿಗೆ ಕೈಮುಗಿದು ಹೊರಟು ಬಂದ.

ಹಚ್ಚಿದರೆ ಸಾಲದು, ಅದು ಎಷ್ಟು ಕೆಲಸ ಮಾಡುತ್ತದೆ ಎಂದು ತಿಳಿಯಬೇಕಲ್ಲ? ಮಾವನ ಬಳಿ ಗಡಿಯಾರವಿಲ್ಲ. ಆದರೆ ಅವನ ಬಾಯಲ್ಲಿ ಶಿವನ ನಾಮವಿತ್ತು. ಜೋಳದ ದಂಟಿನ ಬೆಂಡನ್ನು ಬೊಟ್ಟಿನಷ್ಟು ಕತ್ತರಿಸಿ ನೀರಿಗೆ ಬಿಡುತ್ತಿದ್ದ. ಮೇಲಿನ ಕಲ್ಲಿನಿಂದ ಕೆಳಗಿನ ಕಲ್ಲಿಗೆ ಬೆಂಡು ತಲುಪುವವರೆಗೆ 'ಓಂ ನಮಃ ಶಿವಾಯ' ಎನ್ನುತ್ತ ದಂಡೆಯ ಗುಂಟ ಓಡುತ್ತಿದ್ದ. ನಡುನೀರಿನಲ್ಲಿ ಹನ್ನೆರಡು ಶಿವಾಯ. ಲಕ್ಕಿಯ ಮಗ್ಗುಲಲ್ಲಿ ಮೊದಲ ವರ್ಷ ಹದಿನೈದು ಶಿವಾಯ, ಮೂರನೆಯ ವರ್ಷ ನಲವತ್ತು ಶಿವಾಯ! ನೀರು ಅಲ್ಲಿ ನಡೆಯುವುದನ್ನೇ ಮರೆತಿತ್ತು. ನಿಧಾನವಾದ ನೀರು ತಾನು ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸಿ ಹೋಗುತ್ತಿತ್ತು. ಹದಿನೆಂಟು ಹೆಜ್ಜೆ ಇದ್ದದ್ದು ಇಪ್ಪತ್ತಾಯಿತು, ಇಪ್ಪತ್ತೈದಾಯಿತು. ಹಳ್ಳ ತಾನು ತಿಂದದ್ದನ್ನು ಕಾರುತ್ತಿದೆ ಎಂದು ಮಾವ ಕುಣಿದಾಡಿದ.

ನಮ್ಮೂರ ಮಠದ ಅಯ್ಯನವರು ಒಂದು ದಿನ ಇವನು ಮಳೆಯಲ್ಲಿ ತೊಯ್ಯುತ್ತ ನಾಮಸ್ಮರಣೆ ಮಾಡುತ್ತ ಓಡುವುದನ್ನು ಕಂಡರು. ಕಣ್ಣಲ್ಲಿ ನೀರು ತಂದುಕೊಂಡರು. "ಎಂಥಾ ಭಕ್ತಿಪಾ! ಸಂಸಾರ ಹೋತು, ಶಿವಾ ಸಿಕ್ಕ" ಎಂದರು. ಮಾವ ಅವರ ಕೈಹಿಡಿದು ದಂಡೆಗೆ ಕರೆದೊಯ್ದ. "ಅಯ್ಯಾರ, ಓಡಿದ್ರ ನನಗ ಉಸರ ಹತ್ತತೈತಿ, ಲೆಕ್ಕ ತಪ್ಪತೈತಿ. ನಾ ಓಡ್ತೀನಿ, ನೀವು ಕುಂತ ಶಿವಾಯ ಅನ್ರಿ" ಎಂದ. ಅಯ್ಯನವರು ಹಿಗ್ಗಿ ಶುರುಮಾಡಿದರು. ದಿನಕ್ಕೆ ಹತ್ತು ಮನೆಯ ಪೂಜೆ ಮುಗಿಸುವ ನಾಲಿಗೆ ಅದು! ನಡುನೀರಿಗೆ ಎಂಬತ್ತು ಶಿವಾಯ ಬಂತು. ಮಾವ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ. "ಅಯ್ಯಾರ, ನಿಮ್ಮ ನಾಮ ಕೈಲಾಸಕ್ಕ ಮುಟ್ಟೂದ ದೂರ ಉಳೀತು, ಆ ಕಲ್ಲಿನ ತನಾನೂ ಮುಟ್ಟೂದಿಲ್ರಿ. ಒಂದ ಗುಟುಕಿನ್ಯಾಗ ಹತ್ತ ನುಂಗ್ತೀರಿ" ಎಂದ. ಅಯ್ಯನವರು ಮೂರು ತಿಂಗಳು ನಮ್ಮ ಓಣಿಗೆ ಕಾಲಿಡಲಿಲ್ಲ.

ಇನ್ನು ನನ್ನ ಕಥೆ. ಹೇಳಲೋ ಬೇಡವೋ? ಹೇಳಿಯೇ ಬಿಡುತ್ತೇನೆ, ಈಗ ನಾಚಿಕೆ ಪಟ್ಟು ಆಗಬೇಕಾದ್ದೇನು! ಅಕ್ಕ ಹೋದ ಮೇಲೆ ನಮ್ಮಲ್ಲಿ ತಂಗಿಯನ್ನು ಅದೇ ಮನೆಗೆ ಕೊಡುವುದು ರೂಢಿ. ಅಕ್ಕನ ಹಿಂದೆ ಇದ್ದವಳು ನಾನೊಬ್ಬಳೇ. ಹಿರಿಯರು ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಕೂತರು. ಮಾವ ಬಂದ, ಕೈಗೆ ಕೆಸರು, ಕಿವಿಯ ಮೇಲೆ ಒಂದು ಲಕ್ಕಿ ಎಲೆ. ಎಲ್ಲರ ಎದುರಿಗೆ ನನ್ನನ್ನು ಕೇಳಿದ: "ಹಳ್ಳ ಬಂದಾಗ ದಂಡಿ ಕಾಯ್ತಿ ಏನ?"

"ನಾ ಯಾಕ ಕಾಯ್ಲಿ? ಹುಳಾಹುಪ್ಪಡಿ ಇರ್ತಾವ. ನನಗ ಅಂಜಿಕಿ ಬರ್ತೈತಿ" ಎಂದೆ ನಾನು.

ಮಾವನ ಮುಖ ಅರಳಿತು. "ನೋಡ್ರಿ, ಹುಡುಗಿ ಶ್ಯಾಣ್ಯಾ ಅದಾಳ! ಆಕಿನ್ನ ಶ್ಯಾಣ್ಯಾರ ಮನಿಗೆ ಕೊಡ್ರಿ" ಎಂದು ಎದ್ದೇ ಹೋದ. ಹೀಗೆ ಒಂದು ಪೊದೆಯ ಎದುರು ಸೋತವಳು ನಾನು. ಮರುವರ್ಷ ನನ್ನನ್ನು ದುಧನಿಯ ಶೇಂಗಾ ವ್ಯಾಪಾರಿಯ ಮನೆಗೆ ಕೊಟ್ಟರು. ಶ್ಯಾಣ್ಯಾರೇ. ಅದರ ಬಗ್ಗೆ ನನ್ನದು ತಕರಾರಿಲ್ಲ.

ಲಕ್ಕಿ ಬೆಳೆದು ಗೋಡೆಯಂತೆ ನಿಂತಮೇಲೆ ಸೂಲಗಿತ್ತಿಯರ ಕಣ್ಣು ಅದರ ಮೇಲೆ ಬಿತ್ತು. ಬಾಣಂತಿಗೆ ಎರೆಯುವ ನೀರಿಗೆ ಲಕ್ಕಿಯ ತೊಪ್ಪಲು ಬೇಕೇ ಬೇಕು. ಬೇರೆ ಯಾರಾದರೂ ಒಂದು ಎಲೆ ಮುರಿದರೆ ಮಾವ ಕೋಲು ಹಿಡಿದು ಊರ ಅಗಸೆಬಾಗಿಲಿನ ತನಕ ಅಟ್ಟಿಸಿಕೊಂಡು ಹೋಗುತ್ತಿದ್ದ. ಬಾಣಂತಿಗೆಂದರೆ ಮಾತ್ರ ತಾನೇ ಹೊರೆ ಕಟ್ಟಿ ಹೊತ್ತು ತರುತ್ತಿದ್ದ. ತಂದವನು ಸುಮ್ಮನೆ ಇಟ್ಟು ಹೋಗಬೇಕೋ ಬೇಡವೋ? ಬಾಗಿಲಲ್ಲಿ ನಿಂತು ಕೂಗುತ್ತಿದ್ದ: "ಮೈ ಕಾದೈತೇನ್ರೀ? ನಡುಗತಾಳೇನ? ಒಂಬತ್ತ ದಿನಾ ಆದ್ವ್ಯಾ?" ಗಂಡಸು ಬಾಣಂತಿಯ ಕೋಣೆಯ ಸುದ್ದಿ ಕೇಳುವುದೇ! ಅತ್ತೆಯಂದಿರು ಬೈದು ಕಳಿಸುತ್ತಿದ್ದರು. ಮರುದಿನ ಮತ್ತೆ ಹಾಜರು. ಹತ್ತನೆಯ ದಿನ ಬರುವುದನ್ನು ನಿಲ್ಲಿಸುತ್ತಿದ್ದ.

ಈಗ ನಿಜವಾದ ಗೋಳಿಗೆ ಬರುತ್ತೇನೆ. ಮಾವನ ದಂಡೆ ಬೆಳೆಯುತ್ತಿದ್ದಂತೆ ನಮ್ಮ ದಂಡೆ ಬೀಳತೊಡಗಿತು. ಮೊದಲ ವರ್ಷ ಅಪ್ಪ ಎತ್ತು ಕಟ್ಟುತ್ತಿದ್ದ ಜಾಲಿಮರ ಹೋಯಿತು. ಮರುವರ್ಷ ಜೋಳದ ಎಂಟು ಸಾಲು. ನಮಗೆ ಮೇಲೆ ಇದ್ದದ್ದು ಕಲ್ಲು ಮಡ್ಡಿ, ಅಲ್ಲಿ ಹುರುಳಿಯೂ ಮುಖ ತೋರಿಸುತ್ತಿರಲಿಲ್ಲ. ಮನೆಯ ಮಂದಿಗೆಲ್ಲ ವರ್ಷದ ರೊಟ್ಟಿ ಹಳ್ಳದ ಆ ಹೊಲದಿಂದಲೇ ಬರಬೇಕು. ಅಪ್ಪ ಹಳ್ಳವನ್ನು ಬೈದ, ಮಳೆಯನ್ನು ಬೈದ, ತನ್ನ ನಸೀಬನ್ನು ಬೈದ. ಬೈಯಬೇಕಾದವರು ಯಾರು ಎಂದು ಅವನಿಗೂ ಗೊತ್ತಿರಲಿಲ್ಲ, ಮಾವನಿಗೂ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವನು ಸೊಲ್ಲಾಪುರದಿಂದ ಬಂದ ಒಬ್ಬ ಓವರ್ಸಿಯರು. ಗಾಡಿಯ ಹಾದಿ ಹಳ್ಳ ದಾಟುವಲ್ಲಿ ಫರಸಿಕಲ್ಲು ಹಾಸುವ ಜಾಗ ನೋಡಲು ಬಂದಿದ್ದ. ಟೊಪ್ಪಿಗೆ, ಕೋಟು, ಕೆಸರಾದ ಬೂಟು. ಮಾವ ಬಿಡುತ್ತಾನೆಯೇ? ಹಿಡಿದು ತಂದು ಲಕ್ಕಿ ತೋರಿಸಿ, ಬೆಂಡು ಬಿಟ್ಟು, ಶಿವಾಯ ಎಣಿಸಿ ತೋರಿಸಿದ. ಅಪ್ಪನೂ ಅಲ್ಲಿದ್ದ. ನಾನು ತವರಿಗೆ ಬಂದವಳು ಅವ್ವನ ಜೊತೆ ಬುತ್ತಿ ತಂದಿದ್ದೆ. ಓವರ್ಸಿಯರು ನಗಲಿಲ್ಲ, ಗಂಭೀರವಾಗಿ ನೋಡಿದ. "ಝಾಡಂ ಛಾನ ಲಾವಲೀತ" ಎಂದ. ಗಿಡ ಚೆನ್ನಾಗಿ ಹಚ್ಚಿದ್ದೀರಿ ಎಂದು ಸರಕಾರಿ ಮನುಷ್ಯ ಹೇಳಿದ್ದೇ ತಡ, ಮಾವ ಮೀಸೆಯ ಮೇಲೆ ಕೈ ಇಟ್ಟ. ಅಷ್ಟರಲ್ಲಿ ಓವರ್ಸಿಯರು ನಮ್ಮ ದಂಡೆಯ ಕಡೆ ಬೆರಳು ತೋರಿಸಿ ಕೇಳಿದ: "ಪಣ ಅಹೋ, ಆದ್ರ ಆ ದಂಡಿಗೆ ನೀರ ಎಷ್ಟ ಶಿವಾಯ ಐತಿ?"

ಮಾವನ ಕೈ ಮೀಸೆಯ ಮೇಲೇ ನಿಂತಿತು. ಇಷ್ಟು ವರ್ಷ ನಡುನೀರು ಅಳೆದಿದ್ದ, ತನ್ನ ದಂಡೆ ಅಳೆದಿದ್ದ. ಎದುರಿನ ದಂಡೆಯನ್ನು ಒಮ್ಮೆಯೂ ಅಳೆದಿರಲಿಲ್ಲ! ಅಲ್ಲಿ ಅವನಿಗೆ ಕಾಯಬೇಕಾದ್ದು ಏನೂ ಇರಲಿಲ್ಲವಲ್ಲ. ನೀರಿಗಿಳಿದು ದಾಟಿ ನಮ್ಮ ಕಡೆ ಬಂದ, ಬೆಂಡು ಬಿಟ್ಟ, ಓಡಿದ. ಏಳು ಶಿವಾಯ.

ಓವರ್ಸಿಯರು ಸಮಾಧಾನವಾಗಿ ತಿಳಿಸಿ ಹೇಳಿದ. ಹಳ್ಳದ ನೀರು ಅಷ್ಟೇ ಇರುತ್ತದೆ, ಹೋಗಲೇಬೇಕು. ಈ ಮಗ್ಗುಲು ಗಿಡ ತಡೆದರೆ ಆ ಮಗ್ಗುಲಿಗೆ ಜೋರು ಹೋಗುತ್ತದೆ. ಹಾಗಾದರೆ ಎರಡೂ ಕಡೆ ಹಚ್ಚಿದರೆ ಎಂದು ಮಾವ ಕೇಳಿದ. ಎರಡೂ ಕಡೆ ತಡೆದರೆ ನೀರು ಮೇಲಕ್ಕೆ ಏರುತ್ತದೆ, ಊರ ಕೆಳಗಿನ ಓಣಿ ಮುಳುಗುತ್ತದೆ ಎಂದ. ಹೇಳಿ, ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಒಳ್ಳೆಯ ಮನುಷ್ಯ, ತನ್ನ ಹಾದಿ ಹಿಡಿದು ಹೋದ. ನಮ್ಮ ಮನೆಗೆ ಬೆಂಕಿ ಬಿತ್ತು.

"ಸತ್ತ ಮಗಳ ನೆಪಾ ಮಾಡಿ ನನ್ನ ಹೊಲ ನುಂಗಿದಿ!" ಎಂದ ಅಪ್ಪ.

"ಮಾವಾರ, ಸತ್ತಾಕಿ ನಿಮ್ಮ ಮಗಳ್ರಿ" ಎಂದ ಮಾವ.

"ನನಗ ಹೊಟ್ಟಿಗೆ ಹಾಕ್ಲಿಕ್ಕೆ ಬದುಕಿದ ಮಂದಿ ಅದಾರ. ಮುಂಗಾರಿನ ಮಿರಗದ ಮಳಿ ಬರೂದ್ರಾಗ ಒಂದ ಲಕ್ಕಿ ಉಳಿಬಾರ್ದು."

"ಕಡೀರಿ. ಕಡದ ಮ್ಯಾಲ ಬರೂ ಮೊದಲನೇ ಹಳ್ಳಕ್ಕ ಅಕಿ ಹೋಗ್ತಾಳ. ನೀವ ನಿಂತ ನೋಡ್ರಿ."

ಚಾವಡಿಯಲ್ಲಿ ಪಂಚರು ಕೂತರು. ಸತ್ತವರಿಗಿಂತ ಇದ್ದವರ ಅನ್ನ ದೊಡ್ಡದು, ಲಕ್ಕಿ ಕಡಿಯತಕ್ಕದ್ದು ಎಂದು ತೀರ್ಮಾನವಾಯಿತು. ಸರಿಯಾದ ತೀರ್ಮಾನವೇ, ತಪ್ಪೆಂದು ಹೇಳಲು ನನಗೂ ಬಾಯಿಲ್ಲ. ಅವ್ವ ಎರಡೂ ಕಡೆಯವಳು. ಒಬ್ಬ ಗಂಡ, ಒಬ್ಬ ತಮ್ಮ, ನಡುವೆ ಮಣ್ಣಲ್ಲಿ ಮಗಳು. ಅವಳು ಆ ದಿನಗಳಲ್ಲಿ ಇಬ್ಬರಿಗೂ ಬುತ್ತಿ ಕಟ್ಟುತ್ತಿದ್ದಳು, ಇಬ್ಬರ ಜೊತೆಯೂ ಮಾತಾಡುತ್ತಿರಲಿಲ್ಲ.

ಅಪ್ಪ ಕೊಡಲಿ ಹೆಗಲಿಗೇರಿಸಿ ಹಳ್ಳಕ್ಕೆ ಹೋದ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ತಿರುಗಿ ಬಂದ. ಕೊಡಲಿ ಮೊಂಡಾಗಿದೆ ಎಂದ. ಕಮ್ಮಾರನ ಹತ್ತಿರ ಮಸೆಯಿಸಿದ. ಮರುದಿನ ಹೋದ, ತಿರುಗಿ ಬಂದ, ಮಸೆಯಿಸಿದ್ದು ಸರಿಯಾಗಿಲ್ಲ ಎಂದ. ಮತ್ತೆ ಕಮ್ಮಾರ. ನಾಲ್ಕನೆಯ ಸಲ ಕಮ್ಮಾರ ಕೈಮುಗಿದ: "ಗೌಡ್ರ, ಇನ್ನೊಮ್ಮಿ ಮಸದ್ರ ಕೊಡ್ಲಿ ಉಳಿಯೂದಿಲ್ರಿ, ಕಟಗಿ ಕಾವು ಅಷ್ಟ ಉಳಿತೈತಿ." ಊರು ನಕ್ಕಿತು. ನಾವು ಮನೆಯಲ್ಲಿ ಯಾರೂ ನಗಲಿಲ್ಲ. ಅಪ್ಪ ಅವತ್ತು ಉಣ್ಣದೆ ಮಲಗಿದ.

ಮರುದಿನ ಬೆಳಿಗ್ಗೆ ಅವ್ವ ಬಾಯಿಬಿಟ್ಟಳು. ಮಾವನನ್ನು ಕರೆಸಿ, ಇಬ್ಬರನ್ನೂ ಎದುರಿಗೆ ಕೂರಿಸಿ ಹೇಳಿದಳು: "ಅಕಿನ್ನ ಅಲ್ಲಿಂದ ತಗೀರಿ. ದಿಬ್ಬದ ಮ್ಯಾಲ, ನಮ್ಮವ್ವನ ಮಗ್ಗುಲಾಗ ಇಡ್ರಿ. ಆಮ್ಯಾಲ ಲಕ್ಕೀನರ ಕಡೀರಿ, ಹಳ್ಳಾನರ ಕಡೀರಿ."

ಎಷ್ಟು ಸುಲಭ! ಆದರೆ ಅಷ್ಟು ವರ್ಷಗಳಲ್ಲಿ ಆ ಮಾತು ಒಬ್ಬರ ತಲೆಗೂ ಬಂದಿರಲಿಲ್ಲ. ಒಬ್ಬ ಬೆಂಡು ಬಿಡುತ್ತ ಓಡಿದ, ಒಬ್ಬ ಕೊಡಲಿ ಮಸೆದ, ಪಂಚರು ಎಲೆ ಜಗಿದರು. ಬಾಣಂತಿಯ ಗುಂಡಿ ತೆರೆಯುವುದು ಎಂದರೆ ನಮ್ಮಲ್ಲಿ ಬಾಯಲ್ಲಿ ಆಡಬಾರದ ಮಾತು. ಸುದ್ದಿ ತಿಳಿದ ಹಿರಿಯರು ಬಾಗಿಲಿಗೇ ಬಂದರು. "ತಂಗೀ, ನಿನಗ ತಲಿ ಕೆಟ್ಟೈತೇನ? ಅಕಿ ಎದ್ದ ಮನಿಗೆ ಬರ್ತಾಳ!" ಎಂದರು.

"ಬರ್ಲಿ!" ಎಂದಳು ಅವ್ವ. "ಬಂದ್ರ ಬಿಸಿ ರೊಟ್ಟಿ ಮಾಡಿ ಹಾಕ್ತೀನಿ. ಉಂಡ ಹೋಗ್ಲಿ."

ಹಿರಿಯರು ಚಪ್ಪಲಿ ಮೆಟ್ಟಿದರು. ಅವ್ವ ಹಾಗೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ವೈಶಾಖದ ಮಟಮಟ ಮಧ್ಯಾಹ್ನ ಹೋದೆವು. ನಾಲ್ಕೇ ಜನ: ಅಪ್ಪ, ಮಾವ, ಅವ್ವ, ನಾನು. ಅವ್ವ ಒಂದು ಹೊಸ ಬುಟ್ಟಿ ತಂದಿದ್ದಳು, ಅದರಲ್ಲಿ ಹಸಿರು ಇಳಕಲ್ ಸೀರೆ ಮಡಿಚಿ ಹಾಸಿದ್ದಳು. ಎಲುಬು ನೆಲಕ್ಕೆ ತಾಗಬಾರದೆಂದು. ಹಳ್ಳ ಒಣಗಿ ಉಸುಕಾಗಿತ್ತು. ಲಕ್ಕಿ ಮಾತ್ರ ಹಸಿರಾಗಿ, ನೀಲಿ ಹೂ ಬಿಟ್ಟು ನಿಂತಿತ್ತು. ಅಪ್ಪ ಗುದ್ದಲಿ ಹಾಕಿದ, ಮಾವ ಮಣ್ಣು ತೋಡಿದ. ಮೊಳಕಾಲಷ್ಟು ಇಳಿದಾಗ ಗುದ್ದಲಿ ಮಣ್ಣಿಗೆ ಹೋಗುವುದನ್ನು ನಿಲ್ಲಿಸಿತು. ಬೇರು.

ಮಾವ ಕೈಯಿಂದ ಮಣ್ಣು ಸರಿಸಿದ. ಬೆರಳು ದಪ್ಪದ ಬೇರು, ಅದರ ಕೆಳಗೆ ದಾರದಂಥ ಬೇರು, ಬುಟ್ಟಿ ಹೆಣೆದ ಹಾಗೆ ಒಂದರೊಳಗೊಂದು. ದಂಡೆಯ ಅಷ್ಟೂ ಗಿಡಗಳ ಬೇರು ಅಲ್ಲಿಗೇ ಬಂದಿದ್ದವು. ಮಾವ ಸರಿಸುತ್ತ ಹೋದ. ಆ ಹೆಣಿಗೆಯ ಒಳಗೆ, ತೆಳ್ಳಗೆ ಮಣ್ಣುಬಣ್ಣದ ಎಲುಬು ಕಂಡಿತು. ಅದರ ಪಕ್ಕ ಹಸಿರು ಬಳೆಯ ಚೂರುಗಳು. ಒಂದು ಬಳೆ ಮಾತ್ರ ಇಡಿಯಾಗಿತ್ತು, ಅದರ ನಡುವಿನಿಂದ ಒಂದು ಬೇರು ಹಾದು ಎಲುಬನ್ನು ಸುತ್ತಿತ್ತು. ಅವ್ವ ಬುಟ್ಟಿಯನ್ನು ಎದೆಗವಚಿಕೊಂಡು ಅಲ್ಲೇ ಕೂತಳು.

ಮಾವ ಸೊಂಟದಿಂದ ಕುಡಗೋಲು ತೆಗೆದ. ಲಕ್ಕಿಯ ಒಂದು ಎಲೆ ಮುರಿದರೆ ಕೋಲು ಹಿಡಿಯುತ್ತಿದ್ದ ಮನುಷ್ಯ. "ಕಡದ್ರ ಬರ್ತಾಳ್ರಿ ಭಾವಾರ. ಬೇರ ಕಡದ್ರ ಬರ್ತಾಳ. ಅವತ್ತ ನಾ ಬಾಯಿ ತಗೀಬೇಕಾಗಿತ್ತು, ಅಲ್ಲಿ ಇಡಬ್ಯಾಡ್ರಿ ಅನಬೇಕಾಗಿತ್ತು, ಅನಲಿಲ್ಲ. ಈಗ ಹೇಳ್ರಿ, ಕಡೀಲಿ?" ಎಂದ.

ಅಪ್ಪ ಆ ಬಳೆಯನ್ನು ನೋಡಿದ. ಆಮೇಲೆ ಬಗ್ಗಿ ಮಾವನ ಕೈಯಿಂದ ಕುಡಗೋಲು ತೆಗೆದು ದೂರ ಎಸೆದ.

"ಬ್ಯಾಡೋ. ಹಿಡ್ಕೊಂಡಾವ. ಬಿಡು."

ಅವ್ವ ಸೀರೆಯನ್ನು ಬೇರಿನ ಮೇಲೆ ಹಾಸಿದಳು. ಅಪ್ಪ ಗುದ್ದಲಿ ಮುಟ್ಟಲಿಲ್ಲ, ಕೈಯಿಂದಲೇ ಮಣ್ಣು ಎಳೆದ. ಮಾವ ಮಗುವಿನಂತೆ ಅಳುತ್ತ ಮಣ್ಣು ಎಳೆದ. ಅಕ್ಕ ಸತ್ತಾಗ ಅವನು ಅತ್ತಿರಲಿಲ್ಲ ಎಂದು ಊರು ಆಡಿಕೊಂಡಿತ್ತು. ನೋಡಲು ಅವತ್ತು ಊರಿನವರು ಯಾರೂ ಇರಲಿಲ್ಲ. ಕೈ ತೊಳೆಯಲು ಹಳ್ಳದಲ್ಲಿ ನೀರಿರಲಿಲ್ಲ. ಹಾಗೇ ಮನೆಗೆ ಬಂದೆವು.

ಮಿರಗದ ಮಳೆ ತಡವಾಗಿ ಬಂತು, ಬಂದದ್ದು ಒಮ್ಮೆಲೇ ಬಂತು. ಎರಡು ದಿನ ಹಳ್ಳ ಊರಿಗೇ ಕೇಳುವಂತೆ ಒದರಿತು. ಮೂರನೆಯ ದಿನ ಬೆಳಿಗ್ಗೆ ಅಪ್ಪ ಗೊಂಗಡಿ ಹೊದ್ದು ಒಬ್ಬನೇ ಹೋದ. ಬಿಸಿಲು ಬೀಳುವ ಹೊತ್ತಿಗೆ ತಿರುಗಿ ಬಂದು, ಕಾಲು ತೊಳೆದುಕೊಂಡು ಮಣೆಯ ಮೇಲೆ ಕೂತ. ಮಾವನೂ ಪಕ್ಕದಲ್ಲಿ ಕೂತಿದ್ದ. ರಾತ್ರಿ ಹಳ್ಳ ದಾಟಲಾಗದೆ ನಮ್ಮಲ್ಲೇ ಉಳಿದಿದ್ದ. ಅವ್ವ ಇಬ್ಬರ ತಾಟಿಗೂ ರೊಟ್ಟಿ ಹಾಕಿದಳು.

"ನಮ್ಮದು?" ಎಂದಳು.

"ಹೋತು" ಎಂದ ಅಪ್ಪ. "ಬೇಲಿ ತನಾ ಹೋತು. ಉಳದದ್ದು ಒಂದ ಪಟ್ಟಿ."

ಮಾವ ತಾಟು ಬಿಟ್ಟು ಏಳಹೋದ. ಅಪ್ಪ ಅವನ ರಟ್ಟೆ ಹಿಡಿದು ಕೂರಿಸಿದ.

"ಕುಂತ ಉಣ್ಣೋ. ನಾ ನೋಡೇ ಬಂದೀನಿ. ಆರಾಮ ಅದಾಳ."